ಅರಿಶಿನ ಹಚ್ಚಿದ ಪ್ರಿಂಟು

ಗೆಳೆಯರೇ, ಮದ್ದೂರಿನ ನಮ್ಮ ಲಾಡ್ಜಿನಲ್ಲಿ ಇವತ್ತಿನಿಂದ ಹೊಸ ಸೌಕರ್ಯ. ಅತಿಥಿಗಳು ರೂಮಿನಲ್ಲೇ ಕುಳಿತು ತಮ್ಮ ಲ್ಯಾಪ್‌ಟಾಪಿನಿಂದ ಕಳಿಸಿದರೆ ಸಾಕು, ಕೆಳಗೆ ಕೌಂಟರಿನ ಪ್ರಿಂಟರಿನಲ್ಲಿ ಕಾಗದ ಬರುತ್ತದೆ. ‘ಯುವರ್ ಲ್ಯಾಪ್‌ಟಾಪ್, ಅವರ್ ಪ್ರಿಂಟರ್, ನೋ ಬಾದರೇಷನ್’ ಎಂದು ಬೋರ್ಡನ್ನೂ ಬರೆದೆ.

ಬೆಳಿಗ್ಗೆ ಮಳವಳ್ಳಿಯ ಕಾಲೇಜಿಗೆ ಇಂಟರ್‌ವ್ಯೂಗೆ ಹೊರಟಿದ್ದ ಹುಡುಗಿಯೊಬ್ಬಳು ಮೇಲಿನಿಂದ ಅರ್ಜಿ ಕಳಿಸಿ, ಲ್ಯಾಪ್‌ಟಾಪ್ ಹಿಡಿದು ಓಡಿ ಬಂದಳು. ಅಷ್ಟರಲ್ಲಿ ನಮ್ಮ ಅಡುಗೆಯ ನಿಂಗಮ್ಮ, ಲಗ್ನಪತ್ರಿಕೆಗೆ ಹಚ್ಚುವಂತೆ ಪ್ರಿಂಟಾಗಿ ಬಂದ ಅರ್ಜಿಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಮುಗಿಸಿದ್ದಳು.

“ಅಯ್ಯೋ ಅಜ್ಜಿ, ಇದನ್ನ ಹೆಂಗೆ ಕೊಡ್ಲಿ? ಬಸ್ಸಿಗೆ ಹತ್ತೇ ನಿಮಿಷ!”

ನಾನು ನಿಂಗಮ್ಮನ ಮೇಲೆ ರೇಗಿದೆ.

“ಹೊಸ ಮಿಸನ್ನಿನ ಮೊದಲ್ನೇ ಕಾಗ್ದ ಕಣ್ರಪ್ಪ. ಅಂಗೇ ಕೊಟ್ಬುಡಾದಾ? ಅಮ್ಮಾರು ಇದ್ದಿದ್ರೆ ನಿಮ್ಗೇ ಬಯ್ಯೋರು!”

ಹೆಂಡತಿ ಹೋಗಿ ಮೂರು ವರ್ಷವಾಯಿತು. ಬಯ್ಯುತ್ತಿದ್ದಳು, ಡೆಫಿನೆಟ್ಲಿ. ನಾನು ಪ್ರಿಂಟರಿಗೆ ಹೊಸ ಹಾಳೆ ಹಾಕಿದೆ.

ಹುಡುಗಿ ಅಲ್ಲೇ ನಿಂತು ಇನ್ನೊಮ್ಮೆ ಕಳಿಸಿದಳು. ಹೊಸ ಪ್ರತಿ ಫೈಲಿಗೆ ಹೋಯಿತು. ಅರಿಶಿನದ್ದನ್ನು ಎಸೆಯುತ್ತಾಳೆಂದುಕೊಂಡರೆ, ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು. ಬಸ್ಸೂ ಸಿಕ್ಕಿತು.

ಈಗ ನೋಡುತ್ತೇನೆ, ಪ್ರಿಂಟರಿನ ಹಣೆಗೂ ಕುಂಕುಮ ಬಿದ್ದಿದೆ. ವಾರಂಟಿ ಕಾರ್ಡು ಹುಡುಕಿ ಪೂರ್ತಿ ಓದಿದೆ. ಕುಂಕುಮಕ್ಕೆ ನೋ ಅಬ್ಜೆಕ್ಷನ್.