ಪಾಯಸ ಯಾರಾದ್ರೂ ತಿಂತಾರೇನೇ?

ಸ್ನೇಹಿತರೇ, ನನಗಂತೂ ಸಾಕಾಗಿದೆ. ತೂಕ ಇಳಿಸುವ ಆಪರೇಷನ್‌ಗೆ ಇನ್ನು ಒಂಬತ್ತು ದಿನ. ಅಲ್ಲಿಯವರೆಗೆ ಸಕ್ಕರೆಯಿಲ್ಲದ ದ್ರವ ಆಹಾರ ಮಾತ್ರ, ತಪ್ಪಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ ಎಂದಿದ್ದಾರೆ ಡಾಕ್ಟರು. ಇವತ್ತು ಬೆಳಿಗ್ಗೆ ಮಹಡಿಯಿಂದ ಓನರ್ ಆಂಟಿ ದೊಡ್ಡ ಲೋಟದಲ್ಲಿ ಪಾಯಸ ಹಿಡಿದು ಇಳಿದು ಬಂದರು.

"ಆಂಟಿ, ನಾನೇನೂ ತಿನ್ನೋ ಹಾಗಿಲ್ಲ."

"ಪಾಯಸ ಯಾರಾದ್ರೂ ತಿಂತಾರೇನೇ? ಕುಡೀತಾರೆ."

"ಶಾವಿಗೆ ಇರತ್ತಲ್ಲ?"

"ಸೋಸಿದೀನಿ ಕಣೇ. ಗೋಡಂಬೀನೂ ಒಂದೊಂದೇ ಆರಿಸಿ ತೆಗ್ದಿದೀನಿ."

"ಮತ್ತೆ ಸಕ್ಕರೆ?"

"ಅದು ಕರಗೋಯ್ತಲ್ಲ, ಇನ್ನೆಲ್ಲಿದೆ?"

ಲೋಟ ವಾಪಸ್ ಕೊಟ್ಟೆ. ಅವರು ಮುಖ ಊದಿಸಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತು ತಾವೇ ಕುಡಿದರು. ಕುಡಿದಾದ ಮೇಲೆ ಕೇಳಿದರು, "ಆವತ್ತು ಎಷ್ಟೊತ್ತಿಗೆ ಹೊರಡ್ಬೇಕು ಹೇಳು, ನಾನೂ ಬರ್ತೀನಿ."

ನಮ್ಮ ಮನೆಯವರೆಲ್ಲ "ಬಾಯಿ ಕಟ್ಟಿದ್ರೆ ಸಾಕಾಗಿತ್ತು, ಹೊಟ್ಟೆ ಯಾಕೆ ಕೊಯ್ಯಿಸ್ಕೋತೀಯ" ಎಂದು ಕೈತೊಳೆದುಕೊಂಡಿದ್ದಾರೆ. ಹಾಗಾಗಿ ಆಸ್ಪತ್ರೆಯ ಫಾರಂನಲ್ಲಿ 'ಜೊತೆಗಿರುವವರು' ಎಂಬಲ್ಲಿ ಆಂಟಿಯ ಹೆಸರನ್ನೇ ಬರೆದಿದ್ದೇನೆ. ಗೇಟಿನ ಸೆಕ್ಯುರಿಟಿಯವರು ದಯವಿಟ್ಟು ಅವರ ಫ್ಲಾಸ್ಕ್ ತೆರೆದು ನೋಡಬೇಕು.