ಪೇಪರಿನಲ್ಲಿ ಶುಕ್ರವಾರ, ಪರದೆಯ ಮೇಲೆ ಸೋಮವಾರ

2003ರಲ್ಲಿ ನಾನು ಮುಳಬಾಗಿಲಿನಲ್ಲಿ ನಾಲ್ಕು ಕಂಪ್ಯೂಟರ್‌ಗಳ ಒಂದು ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದೆ. ಮಾಲೀಕ, ಮೆಕ್ಯಾನಿಕ್, ಕಸ ಗುಡಿಸುವವನು ಎಲ್ಲವೂ ನಾನೇ. ಬಿಡುವು ಸಿಕ್ಕಾಗ ವೆಬ್‌ಸೈಟ್ ಮಾಡುತ್ತಿದ್ದೆ. ಆ ಕೆಲಸವನ್ನು ನನಗೆ ಯಾರೂ ಕಲಿಸಿರಲಿಲ್ಲ. ಯಾವ ಪುಟವನ್ನೇ ಆಗಲಿ ತೆರೆದು ‘ವ್ಯೂ ಸೋರ್ಸ್’ ಒತ್ತಿದರೆ, ಅದನ್ನು ಹೇಗೆ ಕಟ್ಟಿದ್ದಾರೆ ಎಂಬುದು ಅಕ್ಷರ ಅಕ್ಷರವಾಗಿ ಕಣ್ಣೆದುರು ಬರುತ್ತಿತ್ತು. ಬೇರೆ ಯಾವ ಕಸುಬಿನಲ್ಲಿ ಹೀಗಿದೆ ಹೇಳಿ? ನಮ್ಮ ಬೀದಿಯ ಅಡುಗೆ ಭಟ್ಟರು ಸಾರಿನ ಪುಡಿಯ ಗುಟ್ಟನ್ನು ಸ್ವಂತ ಅಳಿಯನಿಗೂ ಬಿಟ್ಟುಕೊಟ್ಟವರಲ್ಲ.

ನಾನು ಮಾಡಿದ ಮೊದಲ ಪುಟ ನಮ್ಮೂರ ಬಸ್ಸುಗಳ ವೇಳಾಪಟ್ಟಿ. ಅದನ್ನು ಯಾರು ನೋಡುತ್ತಾರೆ ಎಂದು ಮನೆಯಲ್ಲಿ ನಗಾಡಿದರು. ಹದಿನೈದು ದಿನಕ್ಕೆ ಮಸ್ಕತ್‌ನಿಂದ ಒಂದು ಇ-ಮೇಲ್ ಬಂತು. ಅಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ನಮ್ಮೂರಿನವರೊಬ್ಬರು, ಶ್ರೀನಿವಾಸಪುರದ ಬೆಳಗಿನ ಬಸ್ಸಿನ ಹೊತ್ತು ತಪ್ಪಾಗಿದೆ ಎಂದು ಬರೆದಿದ್ದರು. ನಾನು ಕುಳಿತಲ್ಲೇ ತಿದ್ದಿದೆ. ಮರುನಿಮಿಷಕ್ಕೆ ಅದು ಮಸ್ಕತ್‌ನಲ್ಲೂ ಸರಿಯಾಗಿತ್ತು. ಆ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ. ಅಚ್ಚಾದ ಕಾಗದದ ಬಗ್ಗೆ ನನಗೊಂದು ತಾತ್ಸಾರ ಹುಟ್ಟಿದ್ದೂ ಆಗಲೇ. ಪೇಪರಿನಲ್ಲಿ ತಪ್ಪು ಬಂದರೆ ಮುಗಿಯಿತು, ವೆಬ್‌ನಲ್ಲಿ ಎಲ್ಲವೂ ಇವತ್ತಿನದು ಎಂದು ಬಂದವರಿಗೆಲ್ಲ ಭಾಷಣ ಬಿಗಿಯುತ್ತಿದ್ದೆ.

ಈಗ ಸ್ವಲ್ಪ ತಾಂತ್ರಿಕ ವಿಷಯ ಹೇಳಬೇಕು. ಆಗ ಇಂಟರ್ನೆಟ್ ಬರುತ್ತಿದ್ದದ್ದು ಟೆಲಿಫೋನ್ ತಂತಿಯಲ್ಲಿ. ಒಂದೇ ತಂತಿಯನ್ನು ನಾಲ್ಕು ಕಂಪ್ಯೂಟರ್ ಹಂಚಿಕೊಂಡರೆ ಒಂದು ಪುಟ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ಅದಕ್ಕೆ ಒಂದು ಹಳೆಯ ಕಂಪ್ಯೂಟರನ್ನು ‘ಪ್ರಾಕ್ಸಿ’ ಮಾಡಿ ಮೂಲೆಯಲ್ಲಿ ಇಟ್ಟಿದ್ದೆ. ಯಾರಾದರೂ ಒಮ್ಮೆ ನೋಡಿದ ಪುಟದ ನಕಲನ್ನು ಅದು ತನ್ನಲ್ಲಿ ಉಳಿಸಿಕೊಳ್ಳುತ್ತದೆ. ಇದನ್ನು ‘ಕ್ಯಾಶ್’ ಎನ್ನುತ್ತಾರೆ. ಮತ್ತೊಬ್ಬರು ಅದೇ ಪುಟ ಕೇಳಿದಾಗ ಆ ನಕಲನ್ನೇ ಕೊಡುತ್ತದೆ. ಪರೀಕ್ಷಾ ಫಲಿತಾಂಶದ ದಿನಗಳ ನೂಕುನುಗ್ಗಲಿಗಾಗಿ ನಾನು ಒಂದು ಹೆಜ್ಜೆ ಮುಂದೆ ಹೋಗಿ, ಇಲಾಖೆಗಳ ಪುಟಗಳನ್ನು ಹದಿನೈದು ದಿನ ಹಾಗೇ ಇಟ್ಟುಕೋ, ಯಾರು ‘ರಿಫ್ರೆಶ್’ ಒತ್ತಿದರೂ ಹೊರಗೆ ಹೋಗಬೇಡ ಎಂದು ಅದಕ್ಕೆ ಹೇಳಿಟ್ಟಿದ್ದೆ. ಫಲಿತಾಂಶದ ಗಲಾಟೆ ಮುಗಿದ ಮೇಲೆ ಅದನ್ನು ತೆಗೆಯುವುದು ಮರೆತೆ. ಬೆಂಗಳೂರಿಗಿಂತ ಮುಳಬಾಗಿಲಲ್ಲೇ ನೆಟ್ ಫಾಸ್ಟು ಎಂದು ಜನ ಹೊಗಳುವಾಗ ಯಾರಿಗೆ ತಾನೇ ನೆನಪಾದೀತು?

ಅಂಥದೊಂದು ಬುಧವಾರ ಬೈರಕೂರಿನಿಂದ ವೆಂಕಟರಾಯಪ್ಪ ಮತ್ತು ಅವರ ಮಗಳು ಮಂಜುಳ ಬಂದರು. ಅವರದು ಟೊಮೇಟೊ ಬೆಳೆಯುವ ಮನೆ. ಮಂಜುಳಾಗೆ ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಗೆ ಒಳ್ಳೆಯ ರ‍್ಯಾಂಕ್ ಬಂದಿತ್ತು. ಬೆಂಗಳೂರಿನಲ್ಲಿ ನಡೆಯುವ ಕೌನ್ಸೆಲಿಂಗಿಗೆ, ಅಂದರೆ ರ‍್ಯಾಂಕ್ ಪ್ರಕಾರ ಕರೆದು ಸೀಟು ಹಂಚುವ ದಿನಕ್ಕೆ, ಹಾಜರಾಗಬೇಕಿತ್ತು. ಹಿಂದಿನ ವಾರ ಅವಳೇ ಒಬ್ಬಳು ಬಂದು ನನ್ನ ಸೆಂಟರಿನಲ್ಲಿ ನೋಡಿದ್ದಳು: ಸೋಮವಾರ.

ವೆಂಕಟರಾಯಪ್ಪ ಅಂಗಿಯ ಜೇಬಿನಿಂದ ಮಡಿಸಿದ ಪೇಪರ್ ತೆಗೆದರು. ಅಕ್ಷರ ಕೂಡಿಸಿ ಕೂಡಿಸಿ, ಬೆರಳಿಟ್ಟು ಓದುವ ಮನುಷ್ಯ. ಒಂದು ಸಣ್ಣ ಪ್ರಕಟಣೆಯ ಮೇಲೆ ಬೆರಳಿಟ್ಟು, “ಇದ್ರಾಗೆ ನಮ್ ಹುಡುಗಿ ನಂಬರ್‌ಗೆ ಶುಕ್ರವಾರ ಅಂತ ಐತಲ್ಲಾ ಸಾರ್. ಬೆಳಿಗ್ಗೆಯಿಂದ ಮೂರು ಸಲ ಓದ್ದೆ,” ಎಂದರು.

ನಾನು ಪುಟ ತೆರೆದೆ. ಸೋಮವಾರ ಎಂದೇ ಇತ್ತು.

“ಪೇಪರ್‌ನೋರು ಏನೋ ತಪ್ಪು ಹಾಕಿರ್ತಾರೆ. ಇದು ನೇರ ಇಲಾಖೆಯಿಂದಲೇ ಬರೋದು ಕಣಪ್ಪಾ.”

“ಇನ್ನೊಂದ್ಸಲ ನೋಡ್ತೀರಾ ಸಾರ್?” ಎಂದಳು ಮಂಜುಳ.

ಅವಳ ಎದುರಿಗೇ ರಿಫ್ರೆಶ್ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಪುಟ ಮತ್ತೆ ಬಂತು. ಸೋಮವಾರ. ದೂರದ ಇಲಾಖೆಯಿಂದ ಬರುವ ಪುಟ ಅಷ್ಟು ಬೇಗ ಬರಲು ಸಾಧ್ಯವಿಲ್ಲ ಎಂದು ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆ ವೇಗವನ್ನೇ ನಾನು ಸಾಕ್ಷಿಯಾಗಿ ತೋರಿಸಿದೆ. “ನೋಡಿದ್ಯೇನಮ್ಮಾ?” ಎಂದೆ, ಜಂಬದಿಂದ. ವೆಂಕಟರಾಯಪ್ಪ ಪೇಪರನ್ನು ಇನ್ನೊಮ್ಮೆ ನೋಡಿ, ಮಡಿಸಿ, ಜೇಬಿಗೆ ಹಾಕಿಕೊಂಡರು.

ಸೋಮವಾರ ಬೆಂಗಳೂರಿಗೆ ಹೋಗಿದ್ದ ಇಬ್ಬರೂ ಮಂಗಳವಾರ ಮತ್ತೆ ಬಂದರು. ಮಂಜುಳಾಳ ಕಣ್ಣು ಊದಿಕೊಂಡಿತ್ತು. “ನಮ್ದು ಶುಕ್ರವಾರವೇ ಆಗೋಯ್ತಂತೆ ಸಾರ್. ಸೀಟು ಮುಗ್ದೋಗವೆ, ಹೋಗ್ರಿ ಅಂದ್ರು,” ಎಂದರು ತಂದೆ. ನಾನು ಪುಟ ತೆರೆದೆ. ಅಲ್ಲಿ ಆಗಲೂ ಸೋಮವಾರ ಎಂದೇ ಇತ್ತು, ಕಳೆದುಹೋದ ಸೋಮವಾರ. ಪ್ರಾಕ್ಸಿಗೆ ಹೇಳಿಟ್ಟಿದ್ದ ಮಾತು ಆಗ ನೆನಪಾಯಿತು. ಮೂಲೆಯ ಕಂಪ್ಯೂಟರಿನ ಹತ್ತಿರ ಹೋಗಿ, ಪರದೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಕ್ಯಾಶ್ ಅಳಿಸಿದೆ. ಪುಟ ನಿಧಾನವಾಗಿ, ಒಂದೊಂದೇ ಸಾಲಾಗಿ ಇಳಿಯಿತು. ಶುಕ್ರವಾರ. ಕೆಳಗೆ, ದಿನ ಬದಲಾಯಿಸಿ ಒಂದು ವಾರದ ಮೇಲಾಗಿದೆ ಎಂಬ ಸೂಚನೆಯೂ ಇತ್ತು.

ಅವರ ಹತ್ತಿರ ವಾಪಸು ಬರಲು ಆರೇ ಹೆಜ್ಜೆ. ಆ ಆರು ಹೆಜ್ಜೆಯಲ್ಲಿ ನಾನು ಸುಳ್ಳೊಂದನ್ನು ಸಿದ್ಧ ಮಾಡಿಕೊಂಡೆ.

“ಇಲಾಖೆಯೋರು ಈಗ ತಿದ್ದಿದ್ದಾರೆ, ನೋಡಿ. ನಾವು ನೋಡ್ದಾಗ ಸೋಮವಾರ ಅಂತಲೇ ಇತ್ತಲ್ಲ.”

ಅವರು ಬೈದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ವೆಂಕಟರಾಯಪ್ಪ ನನ್ನ ಕೈ ಹಿಡಿದುಕೊಂಡರು. “ಪರವಾಲೇದು ಸಾರ್, ನೀವೇನ್ ಮಾಡ್ತೀರಾ? ಎರಡು ಸಲ ನೋಡಿ ಹೇಳಿದ್ರಿ.” ಮಗಳ ಕಡೆ ತಿರುಗಿ, “ನಮ್ಮ ಅದೃಷ್ಟ ಕಣಮ್ಮಾ,” ಎಂದರು. ಅವಳು ಪರದೆಯನ್ನೇ ನೋಡುತ್ತಾ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದಾ ಎಂದು ಕೇಳಿದಳು. ಖಂಡಿತಾ ಹಾಕಬಹುದು, ನಾನೇ ತುಂಬಿಕೊಡ್ತೀನಿ ಎಂದೆ. ಮುಂದಿನ ವರ್ಷದ ಹೊತ್ತಿಗೆ ಅವಳನ್ನು ಶ್ರೀನಿವಾಸಪುರಕ್ಕೆ ಮದುವೆ ಮಾಡಿ ಕೊಟ್ಟಾಗಿತ್ತು.

ಅಂದು ಸಂಜೆಯೇ ಪ್ರಾಕ್ಸಿಯ ಆ ಆಜ್ಞೆಯನ್ನು ತೆಗೆದುಹಾಕಿದೆ. ನೆಟ್ ಯಾಕೆ ನಿಧಾನವಾಯಿತು ಎಂದು ಜನ ಗೊಣಗಿದರು. ಆಮೇಲೆ ಸೆಂಟರ್ ಮುಚ್ಚಿ ಕೋಲಾರದಲ್ಲಿ ವೆಬ್‌ಸೈಟ್ ಮಾಡುವುದನ್ನೇ ವೃತ್ತಿ ಮಾಡಿಕೊಂಡೆ. ನಾನು ಕಟ್ಟುವ ಪ್ರತಿ ಪುಟದ ತಲೆಯ ಮೇಲೆ ‘ಈ ಮಾಹಿತಿ ಯಾವ ದಿನದ್ದು’ ಎಂಬ ಸಾಲು ದಪ್ಪ ಅಕ್ಷರದಲ್ಲಿ ಇರುತ್ತದೆ. ಅಂದ ಕೆಡುತ್ತದೆ, ತೆಗೆಯಿರಿ ಎಂದು ಜಗಳವಾಡಿದ ಗಿರಾಕಿಗಳಿದ್ದಾರೆ. ನಾನು ತೆಗೆದಿಲ್ಲ. ಕೇಳಿದ ತಕ್ಷಣ ಬರುವ ಉತ್ತರ ಇವತ್ತಿನದೇ ಆಗಬೇಕಿಲ್ಲ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಬೆರಳಿಟ್ಟು ನಿಧಾನವಾಗಿ ಓದುವವನು ನನಗಿಂತ ಸರಿಯಾಗಿ ಓದಿರಬಹುದು ಎಂಬುದನ್ನೂ ಕಲಿಸಿತು, ಆದರೆ ಬೇರೆಯವರ ಖರ್ಚಿನಲ್ಲಿ.

ಮಂಜುಳ ಈಗ ಮಾವಿನ ಸುಗ್ಗಿಯಲ್ಲಿ ಮಂಡಿಯಲ್ಲಿ ಹಣ್ಣು ವಿಂಗಡಿಸುತ್ತಾಳೆ. ಸಂಜೆ ಬೀದಿಯ ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿಕೊಂಡು ಮಗ್ಗಿ ಹೇಳಿಕೊಡುತ್ತಾಳಂತೆ. ಇದನ್ನು ಹೇಳಿದವರು ಅವಳ ತಂದೆ. ಅವರು ನನ್ನ ಹತ್ತಿರ ಬರುವುದನ್ನು ಬಿಟ್ಟಿಲ್ಲ. ನನ್ನ ನಿಜವಾದ ಶಿಕ್ಷೆ ಅದೇ. ಪಹಣಿಯ ಸುದ್ದಿಯಿರಲಿ, ಹಾಲಿನ ದರವಿರಲಿ, ಪೇಪರನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿ ಬರುತ್ತಾರೆ. “ಪೇಪರ್‌ನಾಗೆ ಹಿಂಗೆ ಹಾಕವ್ರೆ ಸಾರ್. ಕಂಪ್ಯೂಟರ್‌ನಾಗೆ ಏನೈತೆ, ನೀವೊಂದ್ಸಲ ನೋಡಿ ಹೇಳಿ,” ಎನ್ನುತ್ತಾರೆ. ಸರಿಯಾಗಿ ಓದಿದ್ದ ಮನುಷ್ಯನಿಗೆ ತನ್ನ ಓದಿನ ಮೇಲೆಯೇ ನಂಬಿಕೆ ಹೋಗಿದೆ. ಅದನ್ನು ಕಿತ್ತುಕೊಂಡವನು ನಾನು. ಎದುರಿಗೆ ಹೇಳುವ ಧೈರ್ಯ ಇಷ್ಟು ವರ್ಷವಾದರೂ ಬಂದಿಲ್ಲ.

ಈ ಬರಹ ಅಚ್ಚಾದ ಮೇಲೆ ಬೈರಕೂರಿನ ಟೀ ಅಂಗಡಿಗೂ ಹೋಗುತ್ತದೆ. ವೆಂಕಟರಾಯಪ್ಪ ಇದನ್ನೂ ಬೆರಳಿಟ್ಟು ಓದುತ್ತಾರೆ, ಮೂರು ಸಲ. ಆಮೇಲೆ ಮಡಿಸಿ ಜೇಬಿಗೆ ಹಾಕಿಕೊಂಡು ನನ್ನ ಹತ್ತಿರವೇ ಬರುತ್ತಾರೆ, ಇದು ನಿಜವಾ ಸಾರ್ ಎಂದು ಕೇಳಲು. ಈ ಸಲ ನಾನು ಕಂಪ್ಯೂಟರ್ ಕಡೆ ತಿರುಗುವುದಿಲ್ಲ. ಪೇಪರಿನಲ್ಲಿರುವುದೇ ಸರಿ ಎಂದು ಹೇಳುತ್ತೇನೆ.