ಟೆಂಟಿಗೆ ಜಾಗ ನೋಡುತ್ತಿದ್ದವರು

ರಿಪ್ಪನ್‌ಪೇಟೆಯಿಂದ ನಮ್ಮನ್ನು ಹಿನ್ನೀರಿನ ದಡಕ್ಕೆ ಕರೆದೊಯ್ದ ಜೀಪಿನ ಡ್ರೈವರ್, ಟೆಂಟ್ ಹಾಕುವ ಮೊದಲು ಅಂಗಿಯ ತೋಳು ಮಡಚಿ, ಬರಿಗೈ ಚಾಚಿ, ಬಾಯಲ್ಲಿದ್ದ ಎಲೆಅಡಿಕೆ ಮುಗಿಯುವವರೆಗೆ ನೆಲದ ಮೇಲೆ ಕೂರುತ್ತಿದ್ದರು. ಸೊಳ್ಳೆ ಎಷ್ಟು ಕಚ್ಚಿತೆಂದು ನೋಡಿಯೇ ಜಾಗದ ತೀರ್ಮಾನ. ಯಾರು ಏನು ಕೇಳಿದರೂ ಉತ್ತರ ಒಂದೇ: "ತಡಿ, ಕೂತು ನೋಡನ."

ನನಗೆ ನೀರಿನಂಚಿನ ಹುಲ್ಲೇ ಬೇಕಿತ್ತು. ಟೆಂಟಿನ ಎರಡು ಗೂಟ ಆಗಲೇ ಹೊಡೆದಿದ್ದೆ. ಜೊತೆಗಿದ್ದ ತಂಗಿ ಡೆಂಗಿಯಿಂದ ಚೇತರಿಸಿಕೊಂಡು ಎರಡು ತಿಂಗಳಾಗಿತ್ತಷ್ಟೆ. ಅವಳಿಗೆ ಒಂದು ಸೊಳ್ಳೆಯೂ ಕಚ್ಚದಂತೆ ನೋಡಿಕೊಳ್ಳುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದೆ. ಆದರೂ ಮುಲಾಮಿದೆ, ಪರದೆಯಿದೆ ಎಂದು ವಾದಿಸಿದೆ. ಅವರು ಹುಲ್ಲಿನಲ್ಲಿ ಕೂತೆದ್ದು ಕೈ ತೋರಿಸಿದರು. ಐದು ಕಡೆ ಕಚ್ಚಿತ್ತು. ಮೇಲೆ ಗಾಳಿಯಾಡುವ ಕಲ್ಲುದಿಬ್ಬದಲ್ಲೂ ಅಷ್ಟೇ ಹೊತ್ತು ಕೂತರು. ಅಲ್ಲಿ ಒಂದೂ ಕಚ್ಚಲಿಲ್ಲ.

"ಒಬ್ರ ಕೈ ನೋಡಿ ಹೇಳಕ್ಕಾಗಲ್ಲ ಅಣ್ಣಾ. ನಿಮ್ಮ ರಕ್ತವೇ ಅವಕ್ಕೆ ರುಚಿಯೋ ಏನೋ," ಎಂದೆ.

"ಎರಡೂ ಕಡೆ ಚಾಚಿದ್ದು ಇದೇ ಕೈ ಅಲ್ವಾ ಮಾರಾಯ?" ಎಂದರು ಅವರು, ಒಂಚೂರೂ ದನಿಯೇರಿಸದೆ. "ಬೇರೆ ಕೈಯೇ ಬೇಕು ಅಂದ್ರೆ ತಂಗೀದು ಕೇಳು."

ತಂಗಿ ನನ್ನ ಮುಖ ನೋಡಿದಳು. ನಾನು ಗೂಟ ಕೀಳಲು ಹೋದೆ.